ಮಾಗಿಗೆ ಮುನ್ನ ಹೂದೋಟದಲ್ಲಿ ನಾಲ್ಕು ವಾರಾಂತ್ಯಗಳು

(ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ಅತಿಥಿಗಳು ನೀಡಿದ ಉಪನ್ಯಾಸದ ಬರಹರೂಪ. — ಸಂ.)



ರಾಜ್ಯೋತ್ಸವದ ವೇದಿಕೆಯಿಂದ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತ ಮಾತುಗಳನ್ನು ಕೇಳುವುದು ತಮಗೆ ರೂಢಿ. ಈ ವರ್ಷ ಉಗುರುಗಳಲ್ಲಿ ಇನ್ನೂ ಮಣ್ಣು ಉಳಿಸಿಕೊಂಡ ಒಬ್ಬನನ್ನು ಕರೆದು ನಿಲ್ಲಿಸಿದ್ದೀರಿ. ವೃತ್ತಿಯಿಂದ ನಾನು ಇಂಜಿನಿಯರ್. ಸಸ್ಯಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನಲ್ಲ. ಶಿಕಾಗೊ ನಗರದ ಪಶ್ಚಿಮಕ್ಕಿರುವ ಊರೊಂದರಲ್ಲಿ ಮೂವತ್ತೈದು ವರ್ಷಗಳಿಗೂ ಮಿಕ್ಕಿ ಒಂದೇ ಹಿತ್ತಲನ್ನು ಅಗೆಯುತ್ತ, ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ಕಲಿತಷ್ಟೇ ನನ್ನ ಬಂಡವಾಳ. ಆದುದರಿಂದ ಮೊದಲಿಗೆ ನನ್ನ ದೊಡ್ಡ ತಪ್ಪೊಂದನ್ನು ಒಪ್ಪಿಕೊಂಡು ಮಾತನ್ನು ಆರಂಭಿಸುತ್ತೇನೆ.

ನಾವು ಆ ಮನೆಯನ್ನು ಕೊಂಡದ್ದು 1988ರ ಅಕ್ಟೋಬರಿನಲ್ಲಿ. ನಾನು ಸಾಗರದ ಕಡೆಯವನು. ನಮ್ಮಲ್ಲಿ ದೀಪಾವಳಿಯ ಹೊತ್ತಿಗೆ ಮಳೆ ಹಿಂದೆ ಸರಿದು, ಅಂಗಳದಲ್ಲಿ ಸೇವಂತಿಗೆಯೂ ಚೆಂಡುಹೂವೂ ತುಂಬಿರುತ್ತವೆ. ಗಿಡವೊಂದು ಬುಡದವರೆಗೆ ಒಣಗಿತೆಂದರೆ ಅದು ಸತ್ತಿತೆಂದೇ ನಾವು ತಿಳಿದವರು. ನವೆಂಬರಿನ ಒಂದು ಶನಿವಾರ, ಹೊಸ ಮನೆಯ ಹುರುಪಿನಲ್ಲಿ, ಹಿತ್ತಲಿನಲ್ಲಿದ್ದ ಒಣಗಿದ್ದನ್ನೆಲ್ಲ ಬೇರುಸಹಿತ ಕಿತ್ತೆ. ಬೇಲಿಯ ಬದಿಯಲ್ಲಿದ್ದ ಒಂದು ಪೊದೆಯ ಕಡ್ಡಿಗಳು ಕಂದಾಗಿ ಮುರಿದು ಬಿದ್ದಿದ್ದವು. ಅದರ ಬೇರು ಮಾತ್ರ ಮರಗೆಣಸಿನಂತೆ ದಪ್ಪವಾಗಿ ಆಳಕ್ಕಿಳಿದಿತ್ತು. ಅರ್ಧ ದಿನ ಗುದ್ದಾಡಿ ಅದನ್ನೂ ತೆಗೆದೆ. ಸೋಮವಾರ ಕಸದ ಲಾರಿ ಬಂದು ಎಲ್ಲವನ್ನೂ ಒಯ್ದಿತು.

ಮರುದಿನ ಪಕ್ಕದ ಮನೆಯ ವೃದ್ಧೆ ಬೇಲಿಯ ಬಳಿ ನಿಂತು, ಅಲ್ಲಿದ್ದ ಪಿಯೋನಿ ಗಿಡ ಏನಾಯಿತೆಂದು ಕೇಳಿದರು. ಸತ್ತಿತ್ತು, ಕಿತ್ತೆಸೆದೆ ಎಂದೆ. ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ ಹೇಳಿದರು: ಆ ಗಿಡವನ್ನು ನೆಟ್ಟವರು ಆ ಮನೆಯ ಮೊದಲ ಯಜಮಾನಿ, ಮೂವತ್ತು ವರ್ಷ ಅದು ಒಂದು ಬಾರಿಯೂ ತಪ್ಪದೆ ಮೇ ತಿಂಗಳ ಕೊನೆಗೆ ಹೂ ಬಿಟ್ಟಿತ್ತು. ಅದು ಸತ್ತಿರಲಿಲ್ಲ, ಮಲಗಿತ್ತು ಅಷ್ಟೇ.

ಇಂದಿನ ನನ್ನ ಉಪನ್ಯಾಸದ ತಿರುಳು ಆ ಮಾತಿನಲ್ಲಿದೆ. ಈ ದೇಶದ ಉತ್ತರ ಭಾಗದಲ್ಲಿ ನವೆಂಬರಿನ ಹೂದೋಟ ನೋಡುವ ಕಣ್ಣಿಗೆ ಸ್ಮಶಾನದಂತಿರುತ್ತದೆ. ಅಲ್ಲಿ ಯಾವುದು ಮಲಗಿದೆ, ಯಾವುದನ್ನು ಎತ್ತಿಡಬೇಕು, ಯಾವುದನ್ನು ಮನೆಯೊಳಗೆ ಕರೆದುಕೊಳ್ಳಬೇಕು, ಯಾವುದನ್ನು ಬೀಜ ಪಡೆದು ಬೀಳ್ಕೊಡಬೇಕು ಎಂದು ವಿಂಗಡಿಸುವುದೇ ಈ ಕಾಲದ ತೋಟಗಾರಿಕೆ. ಗುಡಿಸುವುದು, ಕತ್ತರಿಸುವುದು ಎಲ್ಲವೂ ಅದರ ಅನಂತರದ ಮಾತು.

ಚಳಿಯು ಗಿಡಕ್ಕೆ ಮಾಡುವುದೇನು?

ಕೆಲಸಕ್ಕೆ ಇಳಿಯುವ ಮೊದಲು ಕಾರಣವನ್ನು ತಿಳಿದುಕೊಳ್ಳೋಣ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಶಿಕಾಗೊದಲ್ಲಿ ಜೂನ್ ತಿಂಗಳಲ್ಲಿ ಹದಿನೈದು ಗಂಟೆಗೂ ಮೀರಿದ ಹಗಲು ಡಿಸೆಂಬರಿನಲ್ಲಿ ಒಂಬತ್ತು ಗಂಟೆಗಳಿಗೆ ಇಳಿಯುತ್ತದೆ. ಇಲ್ಲಿನ ಗಿಡಮರಗಳು ಚಳಿ ಬರುವವರೆಗೆ ಕಾಯುವುದಿಲ್ಲ. ಹಗಲು ಕುಗ್ಗುವುದನ್ನು ಗುರುತಿಸಿ ಆಗಸ್ಟ್ ಸೆಪ್ಟೆಂಬರಿನಿಂದಲೇ ಸಿದ್ಧತೆಗೆ ತೊಡಗುತ್ತವೆ. ಎಲೆಯಲ್ಲಿದ್ದ ಸತ್ತ್ವವನ್ನು ಕಾಂಡಕ್ಕೂ ಬೇರಿಗೂ ಹಿಂದಕ್ಕೆ ಸೆಳೆದುಕೊಳ್ಳುತ್ತವೆ. ಹಸಿರು ಬಣ್ಣ ಅಳಿದು ಅದರ ಹಿಂದೆ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ತೊಟ್ಟಿನ ಬುಡದಲ್ಲಿ ಬೇರ್ಪಡಿಸುವ ಪದರವೊಂದು ಬೆಳೆದು ಎಲೆ ತಾನಾಗಿಯೇ ಕಳಚಿಕೊಳ್ಳುತ್ತದೆ. ಬೀದಿಯ ತುಂಬ ಬಿದ್ದಿರುವ ಮೇಪಲ್ ಎಲೆಗಳು ಮರಣದ ಗುರುತಲ್ಲ, ಜಾಣತನದ ಮಿತವ್ಯಯ.

ಇನ್ನು ಇಬ್ಬನಿಯೇ ಹೆಪ್ಪುಗಟ್ಟುವ ಸ್ಥಿತಿ, ಇಲ್ಲಿ ಎಲ್ಲರೂ ಫ್ರಾಸ್ಟ್ ಎನ್ನುವುದು. ನೀರು ಹೆಪ್ಪುಗಟ್ಟುವುದು 32 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ. ಆಗ ಗಿಡದ ಜೀವಕೋಶಗಳ ನಡುವಿನ ಎಡೆಗಳಲ್ಲಿ ಹಿಮದ ಹರಳುಗಳು ಮೂಡಿ, ಕೋಶಗಳ ಒಳಗಿನ ನೀರನ್ನು ಹೊರಕ್ಕೆ ಹೀರುತ್ತವೆ. ಉಷ್ಣದೇಶದ ಗಿಡಗಳಿಗೆ ಈ ಹೊಡೆತವನ್ನು ತಾಳುವ ಶಕ್ತಿಯಿಲ್ಲ. ಕೋಶಗಳು ಕುಸಿದು, ಬಿಸಿಲೇರಿದಾಗ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋಲುತ್ತವೆ. ಶೀತದೇಶದ ಗಿಡಗಳು ಮೊದಲೇ ತಮ್ಮ ಕೋಶರಸದಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಂಡು, ನೀರು ಕಳೆದುಕೊಂಡರೂ ಬದುಕುವಂತೆ ಹದಗೊಂಡಿರುತ್ತವೆ.

ಯಾವ ಊರಿನಲ್ಲಿ ಯಾವ ಗಿಡ ಬದುಕೀತು ಎಂಬುದಕ್ಕೆ ಅಮೆರಿಕದ ಕೃಷಿ ಇಲಾಖೆಯ ವಲಯ ನಕ್ಷೆಯೊಂದಿದೆ. ವರ್ಷವರ್ಷದ ಅತ್ಯಂತ ಚಳಿಯ ರಾತ್ರಿಯ ಸರಾಸರಿಯನ್ನು ಆಧರಿಸಿ ಅದು ನೆಲವನ್ನು 13 ವಲಯಗಳಾಗಿ ವಿಭಾಗಿಸುತ್ತದೆ. 2023ರಲ್ಲಿ ಪರಿಷ್ಕೃತವಾದ ನಕ್ಷೆಯು 1991ರಿಂದ 2020ರವರೆಗಿನ ದಾಖಲೆಗಳನ್ನು ಬಳಸಿಕೊಂಡಿದೆ. ಅದು ಸರಾಸರಿಯ ಲೆಕ್ಕವೆಂಬುದನ್ನು ಮಾತ್ರ ಮರೆಯಬಾರದು. 2019ರ ಜನವರಿ 30ರಂದು ಶಿಕಾಗೊದಲ್ಲಿ ಉಷ್ಣತೆ ಸೊನ್ನೆಗಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದದ್ದು ಇಲ್ಲಿರುವ ಅನೇಕರಿಗೆ ನೆನಪಿರಬಹುದು. ಗಿಡ ಕೊಳ್ಳುವಾಗ ಅದರ ಚೀಟಿಯಲ್ಲಿ ಬರೆದ ವಲಯದ ಸಂಖ್ಯೆ ನಮ್ಮ ಊರಿನ ಸಂಖ್ಯೆಗಿಂತ ಹೆಚ್ಚಿದ್ದರೆ ಆ ಗಿಡವನ್ನು ನೆಲಕ್ಕೆ ನಂಬಿ ಬಿಡಬಾರದು.

ಹ್ಯಾಲೋವೀನ್ ಕಳೆದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನವರೆಗೆ ನಮಗೆ ಸಿಗುವುದು ಸುಮಾರು ನಾಲ್ಕು ವಾರಾಂತ್ಯಗಳು. ಆಗ ಹೊರಗೆ ಬೆಳಕಿರುವುದು ಸಂಜೆ ನಾಲ್ಕೂವರೆಯವರೆಗೆ ಮಾತ್ರ. ಆದುದರಿಂದ ಕೆಲಸವನ್ನು ಹಂಚಿಕೊಳ್ಳುವುದು ಲೇಸು.

ಮೊದಲ ವಾರಾಂತ್ಯ: ಅಗೆದು ತೆಗೆಯುವುದು

ಡೇಲಿಯಾ, ಕ್ಯಾನಾ, ಗ್ಲಾಡಿಯೋಲಸ್ ಮತ್ತು ನಮ್ಮ ಸುಗಂಧರಾಜ, ಇವು ನೆಲದಡಿಯಲ್ಲಿ ಗೆಡ್ಡೆ ಕಟ್ಟುವ ಗಿಡಗಳು. ಆದರೆ ಇಲ್ಲಿನ ನೆಲ ಹೆಪ್ಪುಗಟ್ಟಿದಾಗ ಆ ಗೆಡ್ಡೆ ಉಳಿಯುವುದಿಲ್ಲ. ಡೇಲಿಯಾ ಮತ್ತು ಸುಗಂಧರಾಜ ಎರಡರ ತವರೂ ಮೆಕ್ಸಿಕೋ. ಡೇಲಿಯಾಕ್ಕೆ ಆ ಹೆಸರು ಬಂದದ್ದು ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಅವರಿಂದ. 1963ರಲ್ಲಿ ಅದು ಮೆಕ್ಸಿಕೋದ ರಾಷ್ಟ್ರೀಯ ಪುಷ್ಪವಾಯಿತು.

ಡೇಲಿಯಾದ ಎಲೆಗಳು ಫ್ರಾಸ್ಟ್‌ಗೆ ಕಪ್ಪಾದ ಮೇಲೆ ಕಾಂಡವನ್ನು ನೆಲದಿಂದ ಆರು ಅಂಗುಲ ಬಿಟ್ಟು ಕತ್ತರಿಸಬೇಕು. ಒಂದು ವಾರ ಹಾಗೆಯೇ ಬಿಟ್ಟರೆ ಗೆಡ್ಡೆಯ ಸಿಪ್ಪೆ ಬಲಿಯುತ್ತದೆ. ಬಳಿಕ ಬುಡದಿಂದ ಒಂದಡಿ ದೂರದಲ್ಲಿ ಹಲ್ಲುಗಳಿರುವ ಸನಿಕೆಯನ್ನು ಊರಿ, ಸುತ್ತಲೂ ಸಡಿಲಿಸಿ, ಗೊಂಚಲನ್ನು ಇಡಿಯಾಗಿ ಮೇಲೆತ್ತಬೇಕು. ಕಾಂಡ ಹಿಡಿದು ಎಳೆಯಬಾರದು. ಎಳೆದರೆ ಗೆಡ್ಡೆಯ ಕತ್ತು ಮುರಿಯುತ್ತದೆ. ಡೇಲಿಯಾದ ಚಿಗುರು ಮೂಡುವುದು ಗೆಡ್ಡೆಯ ಮೈಯಿಂದಲ್ಲ, ಗೆಡ್ಡೆಯು ಕಾಂಡವನ್ನು ಸೇರುವ ಕತ್ತಿನಲ್ಲಿರುವ ಕಣ್ಣಿನಿಂದ. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ ವಸಂತದಲ್ಲಿ ಚಿಗುರದು.

ಮಣ್ಣು ಕೊಡವಿ, ಒಂದೆರಡು ದಿನ ನೆರಳಿನಲ್ಲಿ ಆರಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಒಣ ಮರದ ಹೊಟ್ಟು ಅಥವಾ ಪೀಟ್ ಮಾಸ್ ಹರಡಿ ಅದರ ನಡುವೆ ಇಡಬೇಕು. 40ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಇರುವ, ಎಂದೂ ಹೆಪ್ಪುಗಟ್ಟದ ಮೂಲೆ ಬೇಕು. ಬೇಸ್‌ಮೆಂಟಿನಲ್ಲಿ ಫರ್ನೇಸಿನಿಂದ ದೂರದ ಗೋಡೆ ಸಾಮಾನ್ಯವಾಗಿ ಒದಗುತ್ತದೆ. ಬಣ್ಣವನ್ನೂ ಜಾತಿಯನ್ನೂ ಚೀಟಿಯಲ್ಲಿ ಬರೆದು ಕಟ್ಟುವುದನ್ನು ಮುಂದೂಡಬೇಡಿ. ಕೆಂಪು ಯಾವುದು, ಬಿಳಿ ಯಾವುದು ಎಂದು ಗೆಡ್ಡೆ ಹೇಳುವುದಿಲ್ಲ. ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ನೋಡಿ, ಕೊಳೆತದ್ದನ್ನು ತೆಗೆಯಿರಿ, ಸುಕ್ಕುಗಟ್ಟಿದ್ದರೆ ಕೈಯಿಂದ ನಾಲ್ಕು ಹನಿ ನೀರು ಚಿಮುಕಿಸಿ. ಸುಗಂಧರಾಜಕ್ಕೆ ಇದಕ್ಕಿಂತ ತುಸು ಬೆಚ್ಚಗಿನ ಮತ್ತು ಒಣ ಜಾಗ ಬೇಕು.

ಗ್ಲಾಡಿಯೋಲಸನ್ನು ಅಗೆದಾಗ ಮಕ್ಕಳನ್ನು ಹತ್ತಿರ ಕರೆದು ತೋರಿಸಿ. ಒಂದರ ಮೇಲೊಂದು ಎರಡು ಗೆಡ್ಡೆಗಳು ಅಂಟಿಕೊಂಡಿರುತ್ತವೆ. ಕೆಳಗಿನದು ಕಳೆದ ವಸಂತದಲ್ಲಿ ನಾವು ನೆಟ್ಟದ್ದು. ಅದು ತನ್ನಲ್ಲಿದ್ದುದನ್ನೆಲ್ಲ ಖರ್ಚು ಮಾಡಿ ಸುರುಟಿ ಹೋಗಿರುತ್ತದೆ. ಮೇಲಿನದು ಮುಂದಿನ ವರ್ಷದ್ದು. ಎರಡು ಮೂರು ವಾರ ಗಾಳಿಯಾಡುವಲ್ಲಿ ಒಣಗಿಸಿ, ಹಳೆಯದನ್ನು ಬೆರಳಿನಿಂದ ಬೇರ್ಪಡಿಸಿ, ಹೊಸದನ್ನು ಎತ್ತಿಡಬೇಕು.

ಎರಡನೆಯ ವಾರಾಂತ್ಯ: ನೆಡುವುದು

ಒಂದು ಗುಂಪಿನ ಗೆಡ್ಡೆಗಳನ್ನು ಚಳಿಯಿಂದ ಪಾರುಮಾಡಲು ಅಗೆಯುವ ತಿಂಗಳಿನಲ್ಲಿಯೇ ಮತ್ತೊಂದು ಗುಂಪನ್ನು ಚಳಿಗೆಂದೇ ಹೂಳುತ್ತೇವೆ. ಟ್ಯೂಲಿಪ್, ಡ್ಯಾಫೋಡಿಲ್, ಕ್ರೋಕಸ್ ಇವುಗಳನ್ನು ನೆಡುವ ಕಾಲ ಇದು. ಟ್ಯೂಲಿಪ್ಪಿನ ಪೂರ್ವಜರು ಮಧ್ಯ ಏಷ್ಯಾದ ಪರ್ವತಗಳಲ್ಲಿ ಬೆಳೆದವರು. ಹನ್ನೆರಡರಿಂದ ಹದಿನಾರು ವಾರಗಳ ಚಳಿಯನ್ನು ಉಣ್ಣದೆ ಆ ಗೆಡ್ಡೆಯ ಹೂಕಾಂಡ ಸರಿಯಾಗಿ ನೀಳವಾಗದು. ಬೆಂಗಳೂರಿನ ಅಂಗಳದಲ್ಲಿ ಅದನ್ನು ನೆಟ್ಟು ವರ್ಷವರ್ಷ ಹೂ ಪಡೆಯಲಾಗದ ಕಾರಣ ಇದೇ.

ಟ್ಯೂಲಿಪ್ ಗೆಡ್ಡೆ ರೂಪದಲ್ಲಿ ನಮ್ಮ ಈರುಳ್ಳಿಯ ಬಂಧು. ಒಂದು ಗೆಡ್ಡೆಯನ್ನು ತ್ಯಾಗಮಾಡಿ ಉದ್ದುದ್ದಕ್ಕೆ ಸೀಳಿ ನೋಡಿದರೆ ಪದರಗಳ ನಡುವೆ ಪುಟ್ಟ ಹೂವಿನ ಆಕಾರ ಆಗಲೇ ಸಿದ್ಧವಾಗಿರುವುದು ಕಾಣುತ್ತದೆ. ಏಪ್ರಿಲಿನಲ್ಲಿ ಅರಳುವ ಹೂವು ನವೆಂಬರಿನಲ್ಲಿಯೇ ಇದೆ. ಅದು ಬೆಳೆದು ಹೊರಬರಲು ಮಾತ್ರ ಚಳಿಯನ್ನು ಕಾಯುತ್ತದೆ. ನನ್ನ ಮಗಳು ಆರು ವರ್ಷದವಳಿದ್ದಾಗ ಇದನ್ನು ನೋಡಿ, ಇದಕ್ಕೆ ಚಳಿಗಾಲದಲ್ಲಿ ಒಳಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಳು. ನಾವು ಬಂದ ಮೊದಲ ವರ್ಷದ ಜನವರಿಯನ್ನು ನೆನೆದು ನಾನು ಉತ್ತರ ಕೊಡಲಿಲ್ಲ.

ನೆಡುವ ಕ್ರಮ ಸರಳ. ಗೆಡ್ಡೆಯ ಎತ್ತರದ ಮೂರು ಪಟ್ಟು ಆಳ, ಎಂದರೆ ಟ್ಯೂಲಿಪ್ಪಿಗೆ ಆರರಿಂದ ಎಂಟು ಅಂಗುಲ. ಚೂಪಾದ ತುದಿ ಮೇಲಕ್ಕೆ. ಒಂದರಿಂದೊಂದಕ್ಕೆ ನಾಲ್ಕಾರು ಅಂಗುಲ ಅಂತರ. ಸಾಲಾಗಿ ನೆಡುವ ಬದಲು ಹತ್ತು ಹನ್ನೆರಡನ್ನು ಒಂದು ಗುಂಪಾಗಿ ನೆಟ್ಟರೆ ನೋಟ ಚೆನ್ನ. ನೀರು ನಿಲ್ಲುವಲ್ಲಿ ಮಾತ್ರ ನೆಡಬೇಡಿ, ಕೊಳೆಯುತ್ತದೆ. ಅಳಿಲುಗಳಿಗೆ ಟ್ಯೂಲಿಪ್ ಎಂದರೆ ಹಬ್ಬದೂಟ; ನೆಟ್ಟ ಜಾಗದ ಮೇಲೆ ಕೋಳಿಗೂಡಿನ ತಂತಿಬಲೆಯನ್ನು ಹಾಸಿ ಮಣ್ಣು ಮುಚ್ಚಿದರೆ ರಕ್ಷಣೆ. ಡ್ಯಾಫೋಡಿಲ್ಲನ್ನು ಅವು ಮುಟ್ಟುವುದಿಲ್ಲ, ಏಕೆಂದರೆ ಅದು ವಿಷ.

ಈ ಕೊನೆಯ ಮಾತನ್ನು ಗೃಹಿಣಿಯರೂ ಅಡುಗೆಮನೆಯ ಹೊಣೆ ಹೊತ್ತ ಗೃಹಸ್ಥರೂ ಗಮನಿಸಬೇಕು. ಡ್ಯಾಫೋಡಿಲ್ ಗೆಡ್ಡೆ ನೋಡಲು ಸಣ್ಣ ಈರುಳ್ಳಿಯಂತೆಯೇ ಇರುತ್ತದೆ. ಅಂಗಡಿಯಿಂದ ತಂದ ಚೀಲವನ್ನು ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿಯ ಹತ್ತಿರ ಇಡಲೇಬೇಡಿ. ಊರಿನಿಂದ ಬಂದ ಅತ್ತೆಯವರೋ ತಾಯಿಯವರೋ ಹುಳಿಗೆ ಹೆಚ್ಚಿಬಿಟ್ಟರೆ ಮನೆಮಂದಿಯೆಲ್ಲ ವಾಂತಿಯಿಂದ ನರಳಬೇಕಾದೀತು.

ಮೂರನೆಯ ವಾರಾಂತ್ಯ: ಕತ್ತರಿ, ಎಲೆ ಮತ್ತು ನೀರು

ಕತ್ತರಿ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಗಿಡದ ಮುಂದಿನ ವರ್ಷದ ಮೊಗ್ಗು ಎಲ್ಲಿದೆ?

ಪಿಯೋನಿಯ ಮೊಗ್ಗು ನೆಲದಡಿಯಲ್ಲಿದೆ. ಮೇಲಿನ ಕಡ್ಡಿಯನ್ನು ನೆಲಮಟ್ಟಕ್ಕೆ ಕತ್ತರಿಸಿ ತೆಗೆಯುವುದೇ ಒಳ್ಳೆಯದು, ಏಕೆಂದರೆ ಶಿಲೀಂಧ್ರ ರೋಗ ಅದರಲ್ಲಿ ಅಡಗಿ ಕುಳಿತಿರುತ್ತದೆ. ಆ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಐರಿಸ್ ಎಲೆಗಳಿಗೂ ಇದೇ ಮಾತು. ಕಾಂಡ ಕೊರೆಯುವ ಹುಳುವಿನ ಮೊಟ್ಟೆಗಳು ಅಲ್ಲಿರುತ್ತವೆ. ಆದರೆ ಲೈಲಾಕ್, ಫಾರ್ಸಿಥಿಯಾ, ದೊಡ್ಡ ಎಲೆಯ ಹೈಡ್ರೇಂಜಿಯಾ ಇವುಗಳ ಹೂಮೊಗ್ಗುಗಳು ಈ ವರ್ಷದ ಕಡ್ಡಿಯ ಮೇಲೆ ಆಗಲೇ ಕುಳಿತಿವೆ. ಇಂದು ಓರಣಕ್ಕೆಂದು ಕತ್ತರಿಸಿದರೆ ಮುಂದಿನ ವಸಂತದ ಹೂವನ್ನು ಕತ್ತರಿಸಿದಂತೆ. ಗುಲಾಬಿಯನ್ನೂ ಈಗ ಗಿಡ್ಡ ಮಾಡಬಾರದು; ಗಾಳಿಗೆ ತೊನೆಯುವ ಉದ್ದ ಕಡ್ಡಿಯನ್ನಷ್ಟೇ ಮೊಟಕುಗೊಳಿಸಿ, ಉಳಿದದ್ದನ್ನು ವಸಂತಕ್ಕೆ ಬಿಡಿ.

ಹೂಕುಂಡದಲ್ಲಿ ಕೊಂಡು ತಂದ ಸೇವಂತಿಗೆಯ ವಿಷಯದಲ್ಲಿ ನಮ್ಮವರಿಗೆಲ್ಲ ನಿರಾಶೆಯಾಗುತ್ತದೆ. ಸೆಪ್ಟೆಂಬರಿನಲ್ಲಿ ಹೂ ತುಂಬಿ ಬಂದ ಗಿಡಕ್ಕೆ ಬೇರೂರಲು ಸಮಯವೇ ಸಿಕ್ಕಿರುವುದಿಲ್ಲ. ವಸಂತದಲ್ಲಿ ನೆಟ್ಟ ಸೇವಂತಿಗೆ ಉಳಿಯುವ ಸಾಧ್ಯತೆ ಹೆಚ್ಚು. ಅದರ ಒಣ ಕಡ್ಡಿಗಳನ್ನು ಕತ್ತರಿಸದೆ ಬಿಡಿ. ಅವು ಬಿದ್ದ ಎಲೆಯನ್ನೂ ಹಿಮವನ್ನೂ ಹಿಡಿದಿಟ್ಟು ಬುಡವನ್ನು ಕಾಯುತ್ತವೆ.

ಕೋನ್‌ಫ್ಲವರ್, ಕಪ್ಪು ಕಣ್ಣಿನ ರುಡ್‌ಬೆಕಿಯಾ ಮುಂತಾದ ಈ ನೆಲದ ಗಿಡಗಳ ಒಣ ತಲೆಗಳಲ್ಲಿ ಬೀಜವಿದೆ. ಗೋಲ್ಡ್‌ಫಿಂಚ್ ಹಕ್ಕಿಗಳು ಚಳಿಗಾಲದಲ್ಲಿ ಬಂದು ಅವನ್ನು ಹೆಕ್ಕುತ್ತವೆ. ಪೊಳ್ಳು ಕಡ್ಡಿಗಳು ಕೆಲವು ಜಾತಿಯ ಒಂಟಿ ಜೇನುಗಳಿಗೆ ಗೂಡು. ಹಿತ್ತಲು ಸ್ವಲ್ಪ ಅಸ್ತವ್ಯಸ್ತವಾಗಿ ಕಂಡರೂ ಇವನ್ನು ಏಪ್ರಿಲಿನವರೆಗೆ ನಿಲ್ಲಲು ಬಿಡುವುದು ಧರ್ಮ.

ಎಲೆಗಳನ್ನು ಕುರಿತು ಒಂದೆರಡು ಮಾತು. ಹುಲ್ಲುಹಾಸಿನ ಮೇಲೆ ಒದ್ದೆ ಎಲೆ ದಪ್ಪವಾಗಿ ಬಿದ್ದಿದ್ದರೆ ಹುಲ್ಲು ಉಸಿರುಕಟ್ಟಿ ಸಾಯುತ್ತದೆ. ಹಾಗೆಂದು ಅದನ್ನೆಲ್ಲ ಚೀಲಕ್ಕೆ ತುಂಬಿ ರಸ್ತೆಯ ಅಂಚಿಗಿಡುವುದು ಸೊಪ್ಪಿನಬೆಟ್ಟದ ಬೆಲೆ ಬಲ್ಲ ಮಲೆನಾಡಿನವನಾದ ನನಗೆ ಸಂಕಟದ ಸಂಗತಿ. ನಮ್ಮಲ್ಲಿ ತರಗೆಲೆಯನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಕೆ ತೋಟಕ್ಕೆ ಉಣಿಸುತ್ತಾರೆ. ಇಲ್ಲಿ ಕೊಟ್ಟಿಗೆ ಇಲ್ಲದಿದ್ದರೆ ಹುಲ್ಲು ಕತ್ತರಿಸುವ ಯಂತ್ರವಿದೆ. ಒಣಗಿದ ಎಲೆಯ ಮೇಲೆ ಅದನ್ನು ಎರಡು ಬಾರಿ ಓಡಿಸಿದರೆ ಪುಡಿಯಾಗುತ್ತದೆ. ತೆಳುವಾದ ಪುಡಿ ಹುಲ್ಲಿಗೇ ಗೊಬ್ಬರ, ಮಿಕ್ಕದ್ದು ಹೂವಿನ ಮಡಿಗಳಿಗೆ ಹೊದಿಕೆ. ಒಂದು ಮೂಲೆಯಲ್ಲಿ ತಂತಿಯ ಬೇಲಿ ಸುತ್ತಿ ರಾಶಿ ಹಾಕಿದರೆ ಒಂದೆರಡು ವರ್ಷದಲ್ಲಿ ಕಪ್ಪು ಎಲೆಗೊಬ್ಬರ ಸಿದ್ಧ.

ಕೊನೆಗೆ ನೀರು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಹೊರಗೆ ಬಿಟ್ಟ ಮಣ್ಣಿನ ಕುಂಡ ಸೀಳುವುದು, ನಲ್ಲಿಯ ಕೊಳವೆ ಒಡೆಯುವುದು ಈ ಹಿಗ್ಗುವಿಕೆಯಿಂದಲೇ. ಹೊರನಲ್ಲಿಯಿಂದ ರಬ್ಬರ್ ಕೊಳವೆಯನ್ನು ಕಳಚಿ, ನೀರು ಬಸಿದು, ಸುತ್ತಿ ಗ್ಯಾರೇಜಿನಲ್ಲಿಡಿ. ಬೇಸ್‌ಮೆಂಟಿನಲ್ಲಿರುವ ಒಳಗಿನ ತಿರುಗಣೆಯನ್ನು ಮುಚ್ಚಿ, ಹೊರಗಿನದನ್ನು ತೆರೆದಿಡಿ. ಆದರೆ ಅದಕ್ಕೆ ಮೊದಲು, ಈ ವರ್ಷ ನೆಟ್ಟ ಗಿಡಗಳಿಗೂ ನಿತ್ಯಹಸಿರಿನ ಪೊದೆಗಳಿಗೂ ಚೆನ್ನಾಗಿ ನೀರುಣಿಸಿ. ಚಳಿಗಾಲದ ಗಾಳಿಯಲ್ಲಿಯೂ ಅವುಗಳ ಎಲೆ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ಹೆಪ್ಪುಗಟ್ಟಿದ ನೆಲದಿಂದ ಬೇರು ಅದನ್ನು ತುಂಬಿಕೊಡಲಾರದು.

ನಾಲ್ಕನೆಯ ವಾರಾಂತ್ಯ: ಹೊದಿಸುವುದು

ಹೊದಿಕೆಯ ವಿಷಯದಲ್ಲಿ ನಾನು ಹಲವು ವರ್ಷ ತಪ್ಪು ತಿಳಿದಿದ್ದೆ. ಮಗುವಿಗೆ ಕಂಬಳಿ ಹೊದಿಸುವಂತೆ ಚಳಿ ಬರುವ ಮುನ್ನವೇ ಗಿಡಗಳ ಬುಡಕ್ಕೆ ಎಲೆ, ಹುಲ್ಲು ಪೇರಿಸುತ್ತಿದ್ದೆ. ಇಲಿಗಳು ಅಲ್ಲಿ ಸಂಸಾರ ಹೂಡುತ್ತಿದ್ದವು, ಗಿಡಗಳೂ ಸಾಯುತ್ತಿದ್ದವು. ಗಿಡವನ್ನು ಬೆಚ್ಚಗಿಡುವುದು ಹೊದಿಕೆಯ ಉದ್ದೇಶವಲ್ಲ. ಹೆಪ್ಪುಗಟ್ಟಿದ ನೆಲವನ್ನು ಹೆಪ್ಪುಗಟ್ಟಿದಂತೆಯೇ ಇಡುವುದು ಅದರ ಕೆಲಸ.

ಜನವರಿಯಲ್ಲಿ ನಡುನಡುವೆ ನಾಲ್ಕಾರು ದಿನ ಬಿಸಿಲೇರಿ ನೆಲ ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಮಣ್ಣು ಗಿಡವನ್ನು ಬುಡಸಹಿತ ಮೇಲಕ್ಕೆ ಒತ್ತಿ, ಬೇರನ್ನು ಗಾಳಿಗೆ ಒಡ್ಡುತ್ತದೆ. ಒಂದೇ ಸಮನಾದ ಚಳಿಯನ್ನು ತಾಳಬಲ್ಲ ಗಿಡವೂ ಈ ಎಳೆದಾಟವನ್ನು ತಾಳದು. ಆದುದರಿಂದ ನೆಲದ ಮೇಲ್ಪದರ ಒಂದೆರಡು ಅಂಗುಲ ಗಟ್ಟಿಯಾದ ಮೇಲೆ, ಎಂದರೆ ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್ ಆದಮೇಲೆ, ಮೂರು ನಾಲ್ಕು ಅಂಗುಲ ಎಲೆಪುಡಿಯನ್ನೋ ಒಣಹುಲ್ಲನ್ನೋ ಹರಡಿದರೆ ಸಾಕು. ಅದರ ಮೇಲೆ ಬೀಳುವ ಹಿಮವೂ ಒಳ್ಳೆಯ ಹೊದಿಕೆಯೇ.

ಕಸಿ ಕಟ್ಟಿದ ಗುಲಾಬಿಗೆ ಮಾತ್ರ ಹೆಚ್ಚಿನ ಆರೈಕೆ. ಅದರ ಜೀವಸ್ಥಾನ ಕಸಿಯ ಗಂಟು. ನಾಲ್ಕಾರು ರಾತ್ರಿ ಗಟ್ಟಿಯಾದ ಚಳಿ ಬಿದ್ದ ಬಳಿಕ, ಬೇರೆಡೆಯಿಂದ ತಂದ ಮಣ್ಣನ್ನು ಬುಡದ ಸುತ್ತ ಹತ್ತು ಹನ್ನೆರಡು ಅಂಗುಲ ಎತ್ತರಕ್ಕೆ ಗುಪ್ಪೆ ಹಾಕಿ ಗಂಟನ್ನು ಮುಚ್ಚಬೇಕು. ಬುಡದ ಮಣ್ಣನ್ನೇ ಕೆರೆದು ಏರಿಸಿದರೆ ಬೇರು ಬತ್ತಲಾಗುತ್ತದೆ.

ಒಳಗೆ ಬಂದ ಅತಿಥಿಗಳು, ಬೀಳ್ಕೊಟ್ಟ ಬಂಧುಗಳು

ಇನ್ನು ನಮ್ಮವರ ಮನೆಗಳಲ್ಲೆಲ್ಲ ಇರುವ ಮಲ್ಲಿಗೆ, ದಾಸವಾಳ, ಕರಿಬೇವು, ತುಳಸಿ. ರಾತ್ರಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಯತೊಡಗಿದಾಗಲೇ ಇವು ಒಳಗೆ ಬಂದಿರಬೇಕು. ತರುವ ಮುನ್ನ ಎಲೆಯ ಅಡಿಯನ್ನು ಪರೀಕ್ಷಿಸಿ, ಸಾಬೂನು ನೀರಿನಿಂದ ತೊಳೆದಿರಬೇಕು. ಇಲ್ಲವಾದರೆ ನುಸಿಯೂ ಬಿಳಿನೊಣವೂ ಜೊತೆಯಲ್ಲಿಯೇ ಮನೆ ಸೇರುತ್ತವೆ.

ಒಳಗೆ ಬಂದ ಮೂರು ವಾರಗಳಲ್ಲಿ ಮಲ್ಲಿಗೆಯ ಎಲೆ ಉದುರತೊಡಗುತ್ತದೆ. ಬೆಳಕು ಕಡಿಮೆಯಾದದ್ದಕ್ಕೂ ಫರ್ನೇಸಿನ ಒಣಗಾಳಿಗೂ ಗಿಡ ಹಾಗೆ ಸ್ಪಂದಿಸುತ್ತದೆ. ಆಗ ಗಾಬರಿಯಿಂದ ನಾವು ನೀರು ಸುರಿಯುತ್ತೇವೆ, ಗೊಬ್ಬರ ಹಾಕುತ್ತೇವೆ. ಮನೆಯೊಳಗಿನ ಮಲ್ಲಿಗೆ ಸಾಯುವುದು ಹೆಚ್ಚಾಗಿ ಈ ಪ್ರೀತಿಯಿಂದಲೇ. ದಕ್ಷಿಣದ ಕಿಟಕಿ, ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು, ಕುಂಡದಡಿಯ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ಅದರಲ್ಲಿ ನೀರು, ವಸಂತದವರೆಗೆ ಗೊಬ್ಬರ ಬೇಡ: ಇಷ್ಟು ಸಾಕು. ಎಲೆಯೆಲ್ಲ ಉದುರಿದ್ದರೂ ಎಸೆಯುವ ಮುನ್ನ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಒಂದು ಕಡ್ಡಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆಯಿರಿ.

ತುಳಸಿಯನ್ನು ಎಲ್ಲರಿಗೂ ಉಳಿಸಿಕೊಳ್ಳಲಾಗದು. ಕಾರ್ತಿಕದ ತುಳಸಿ ಪೂಜೆ ಬರುವುದು ಇದೇ ದಿನಗಳಲ್ಲಿ. ಪೂಜೆಯಾದ ಕೆಲವೇ ವಾರಗಳಲ್ಲಿ ಗಿಡ ಕಿಟಕಿಯ ಬಳಿ ಸೊರಗುವುದನ್ನು ಕಂಡು ಹೆಂಗಳೆಯರು ಅಪಶಕುನವೆಂದು ನೊಂದುಕೊಳ್ಳುವುದನ್ನು ನೋಡಿದ್ದೇನೆ. ಅದರಲ್ಲಿ ಅಪಶಕುನವೇನೂ ಇಲ್ಲ, ಬೆಳಕಿನ ಕೊರತೆಯಷ್ಟೇ. ಒಣಗಿದ ತುಳಸಿಯ ಕದಿರನ್ನು ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಸಣ್ಣ ಬೀಜಗಳು ಉದುರುತ್ತವೆ. ಹೆಸರು, ವರ್ಷ ಬರೆದ ಕಾಗದದ ಲಕೋಟೆಯಲ್ಲಿ ಒಣ ಜಾಗದಲ್ಲಿಟ್ಟು, ಏಪ್ರಿಲಿನಲ್ಲಿ ಬಿತ್ತಿ. ಚೆಂಡುಹೂವಿಗೂ ಹೀಗೆಯೇ ಮಾಡಬೇಕು. ಆಯುಧಪೂಜೆಗೆ ನಾವು ಮಾಲೆ ಕಟ್ಟುವ ಆ ಹೂವಿನ ಮೂಲವೂ ಮೆಕ್ಸಿಕೋ. ಅಲ್ಲಿಂದ ಹೊರಟು ನಮ್ಮ ಊರುಗಳಿಗೆ ಬಂದು, ಈಗ ನಮ್ಮ ಜೊತೆ ಶಿಕಾಗೊದ ಹಿತ್ತಲಿಗೆ ಬಂದಿದೆ. ಬೀಜ, ಕಡ್ಡಿಗಳನ್ನು ಊರಿನಿಂದ ಸೀರೆಯ ಮಡಿಕೆಯಲ್ಲಿ ಅಡಗಿಸಿ ತರಬೇಡಿರೆಂದು ಮಾತ್ರ ವಿನಂತಿ. ಅದು ಕಾನೂನಿಗೆ ವಿರುದ್ಧ. ಕರಿಬೇವಿನ ಕಡ್ಡಿಯ ಜೊತೆ ಬರುವ ಕೀಟವೊಂದು ಕಿತ್ತಳೆ ತೋಟಗಳನ್ನೇ ಹಾಳುಮಾಡುವ ರೋಗವನ್ನು ಹರಡುತ್ತದೆ.

ಮುಗಿಸುವ ಮುನ್ನ ಪಿಯೋನಿಯ ಕತೆಯನ್ನು ಪೂರೈಸಬೇಕು. ಮರುವರ್ಷ, 1989ರ ಸೆಪ್ಟೆಂಬರಿನ ಒಂದು ಭಾನುವಾರ, ಪಕ್ಕದ ಮನೆಯ ಆಕೆ ಸನಿಕೆ ಹಿಡಿದು ಬೇಲಿಯ ಬಳಿ ನನ್ನನ್ನು ಕರೆದರು. ತಮ್ಮ ಹಿತ್ತಲಿನ ಪಿಯೋನಿಯನ್ನು ನನ್ನಿಂದಲೇ ಅಗೆಸಿದರು. ಅಡುಗೆಯ ಚಾಕುವಿನಿಂದ ಬೇರನ್ನು ಸೀಳಿ, ನಾಲ್ಕು ಕೆಂಪು ಕಣ್ಣುಗಳಿದ್ದ ತುಂಡೊಂದನ್ನು ನನ್ನ ಕೈಗಿಟ್ಟು ಹೇಳಿದರು: ನಿಮ್ಮ ಮನೆಯ ಮೊದಲ ಯಜಮಾನಿ ಬಹಳ ಹಿಂದೆ ತನಗೆ ಕೊಟ್ಟದ್ದು ಇದು, ನೀವು ಎಸೆದಿರಲ್ಲ, ಅದೇ ಗಿಡ. ಕಣ್ಣುಗಳು ಎರಡು ಅಂಗುಲಕ್ಕಿಂತ ಆಳಕ್ಕೆ ಹೋದರೆ ಹೂ ಬಿಡುವುದಿಲ್ಲವೆಂದು ತಾವೇ ಮಂಡಿಯೂರಿ ಅಳತೆ ನೋಡಿ ನೆಡಿಸಿದರು.

ಎರಡು ವಸಂತ ಅದು ಬರಿಯ ಎಲೆ ಬಿಟ್ಟಿತು. ಜಾಗ ಬದಲಿಸಿದ ಪಿಯೋನಿ ಹಾಗೆಯೇ, ಮೊದಲು ಬೇರು ನೋಡಿಕೊಳ್ಳುತ್ತದೆ. 1992ರ ಮೇ ಕೊನೆಯಲ್ಲಿ ಮೂರು ಹೂ ಅರಳಿದವು. ಮೊದಲನೆಯದನ್ನು ಕೊಯ್ದು ಆಕೆಗೆ ಕೊಟ್ಟೆ. ಆಕೆ ಈಗಿಲ್ಲ. ಅವರ ಮನೆಯನ್ನು ಕೊಂಡವರು ಆ ಜಾಗದಲ್ಲಿ ಕಾರು ನಿಲ್ಲಿಸಲು ಕಾಂಕ್ರೀಟು ಹಾಸಿದ್ದಾರೆ. ಆ ಗಿಡದ ವಂಶ ಈಗ ಉಳಿದಿರುವುದು ನನ್ನ ಹಿತ್ತಲಿನಲ್ಲಿ, ಮತ್ತು ಬೇರೆ ಊರಿಗೆ ಹೋಗಿ ನೆಲೆಸಿದ ನನ್ನ ಮಗಳ ಅಂಗಳದಲ್ಲಿ.

ಆದುದರಿಂದ ಈ ನವೆಂಬರಿನಲ್ಲಿ ಯಾವ ಗಿಡವೆಂದು ತಿಳಿಯದ ಒಣ ಬುಡವೊಂದು ತಮ್ಮ ಹಿತ್ತಲಿನಲ್ಲಿದ್ದರೆ, ಅದರ ಪಕ್ಕ ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ಜೂನ್‌ವರೆಗೆ ಕಾಯಿರಿ. ನೆರೆಯವರನ್ನು ಕೇಳಿ ನೋಡಿ. ಪಿಯೋನಿಯ ತುಂಡು ಬೇಕಾದವರು ಮುಂದಿನ ಸೆಪ್ಟೆಂಬರಿನಲ್ಲಿ ನಮ್ಮ ಮನೆಗೆ ಬನ್ನಿ. ಸನಿಕೆ ನಾನು ಕೊಡುತ್ತೇನೆ, ಅಗೆಯುವ ಕೆಲಸ ತಮ್ಮದು.